ನಕ್ಷೆ ಬಿಡಿಸಲು ಬರುತ್ತದೆ, ಓದಲು?

ಹತ್ತನೇ ತರಗತಿಯ ಸಮಾಜ ವಿಜ್ಞಾನ ಪರೀಕ್ಷೆಯಲ್ಲಿ ನಕ್ಷೆಯ ಪ್ರಶ್ನೆ ಎಂದರೆ ಮಕ್ಕಳಿಗೆ ಭಯವಿಲ್ಲ. ಭಾರತದ ಗಡಿರೇಖೆ ಎಳೆದು ಕೇಳಿದ ಜಾಗಗಳನ್ನು ಗುರುತಿಸಿದರಾಯಿತು. ಹಳೆಯ ಪ್ರಶ್ನೆಪತ್ರಿಕೆ ತಿರುವಿ ಹಾಕಿದವರಿಗೆ 82½° ಪೂರ್ವ ರೇಖಾಂಶ, ನರ್ಮದೆ, ಹಿರಾಕುಡ್ ಕಣ್ಣುಮುಚ್ಚಿದರೂ ಸಿಗುತ್ತವೆ. ಆದರೆ ದೇಶದ ದೊಡ್ಡ ನದಿಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಹರಿಯುವಾಗ ನರ್ಮದೆ ಪಶ್ಚಿಮಕ್ಕೇಕೆ ಹೊರಟಿತು ಎಂದು ಕೇಳಿ ನೋಡಿ. ವಿಂಧ್ಯ, ಸಾತ್ಪುರಗಳ ನಡುವಿನ ಸೀಳು ಕಣಿವೆಯ ಮಾತು ಎತ್ತುವವರು ವಿರಳ. ನಕ್ಷೆ ಬಿಡಿಸಲು ಕಲಿಸಿದ್ದೇವೆ, ಓದಲು ಕಲಿಸಿಲ್ಲ.

ಹೈಸ್ಕೂಲಿನಲ್ಲಿ ಭೂಗೋಳಕ್ಕೆ ಸ್ವಂತ ಮನೆಯಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನದ ಜತೆ ಅದೂ ಒಂದು ಭಾಗ. ಅದನ್ನು ಬೇಕೆಂದು ಆರಿಸಿಕೊಳ್ಳುವ ಅವಕಾಶ ಬರುವುದು ಪಿಯುಸಿಯಲ್ಲಿ, ಅದೂ ಬಹುಮಟ್ಟಿಗೆ ಕಲಾ ವಿಭಾಗದವರಿಗೆ. ಅಲ್ಲಿಯೂ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಳ್ಳುವುದೇ ರೂಢಿ. ಭೂಗೋಳದ ಉಪನ್ಯಾಸಕರಿಲ್ಲದ ಕಾಲೇಜಿನಲ್ಲಂತೂ ಆಯ್ಕೆ ವಿದ್ಯಾರ್ಥಿಯದಲ್ಲ, ಖಾಲಿ ಹುದ್ದೆಯದು.

ಭೂಗೋಳ ತೆಗೆದುಕೊಂಡರೆ ಕೆಎಎಸ್, ಐಎಎಸ್‌ಗೆ ಅನುಕೂಲ ಎಂಬ ಮಾತು ಸುಳ್ಳಲ್ಲ, ಸಾಮಾನ್ಯ ಅಧ್ಯಯನದಲ್ಲಿ ಅದು ಇದ್ದೇ ಇದೆ. ಆದರೆ ವಿಷಯವನ್ನು ಅಷ್ಟಕ್ಕೇ ಹೊಗಳುವುದು ಅದಕ್ಕೆ ಮಾಡುವ ಅನ್ಯಾಯ. ಅದರ ನಿಜವಾದ ಬೆಲೆ ತಿಳಿಯಬೇಕಾದರೆ ಸರ್ವೆ ಆಫ್ ಇಂಡಿಯಾದ ಒಂದು ಟೋಪೋಶೀಟನ್ನು ಮೇಜಿನ ಮೇಲೆ ಹರಡಬೇಕು. ಅದರ ಪ್ರಮಾಣ 1:50,000. ಹಾಳೆಯ ಮೇಲಿನ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹಸಿರು ಕಾಡು, ಹಳದಿ ಸಾಗುವಳಿ ಭೂಮಿ, ನೀಲಿ ನೀರು. ಕಂದು ಬಣ್ಣದ ಸಮೋನ್ನತ ರೇಖೆಗಳು ಒಂದಕ್ಕೊಂದು ಒತ್ತಿ ನಿಂತಲ್ಲಿ ಗುಡ್ಡ ಕಡಿದಾಗಿದೆ, ದೂರ ಸರಿದಲ್ಲಿ ನೆಲ ಸಮತಟ್ಟಾಗಿದೆ. ಇಷ್ಟು ಓದಲು ಬಂದ ಹುಡುಗಿಗೆ ಮಳೆನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಗೆ ಬಿತ್ತು. ಇಳಿಜಾರು, ಜಡಿಮಳೆ, ರಸ್ತೆಗಾಗಿ ಕಡಿದ ಗುಡ್ಡ: ಮೂರೂ ಪಿಯುಸಿ ಪುಸ್ತಕದ ಪಾಠಗಳೇ. ಸೈಟು ಕೊಳ್ಳುವ ಮುಂಚೆ ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡುವವರೂ ಬಳಸುತ್ತಿರುವುದು ನಕ್ಷೆ ಓದುವ ಇದೇ ವಿದ್ಯೆಯನ್ನು.

ಹಾಗಾದರೆ ತೊಡಕು ಎಲ್ಲಿ? ಪ್ರಾಯೋಗಿಕದಲ್ಲಿ. ಪಿಯುಸಿ ಭೂಗೋಳದಲ್ಲಿ ಅದಕ್ಕೇ 30 ಅಂಕಗಳಿವೆ. ಕಲಾ ವಿಭಾಗದ ಹೆಚ್ಚಿನ ವಿಷಯಗಳಿಗಿಲ್ಲದ ಭಾಗ್ಯ ಇದು. ಅದನ್ನೂ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನಕಲಿಳಿಸಿ ಮುಗಿಸುವ ಅಭ್ಯಾಸ ಬೆಳೆದುಬಿಟ್ಟಿದೆ. ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಎಂಬ ಹೈಸ್ಕೂಲು ಪರೀಕ್ಷೆಗೆ ಭೂಗೋಳ ಆರಿಸಿಕೊಂಡವರು ಕನಿಷ್ಠ ಎರಡು ಬಾರಿ, ಎರಡು ಬೇರೆ ಬಗೆಯ ಪರಿಸರಗಳಲ್ಲಿ ಕ್ಷೇತ್ರಕಾರ್ಯ ಮಾಡಲೇಬೇಕೆಂಬ ನಿಯಮವಿದೆ. ನಮಗೆ ದೂರ ಹೋಗುವ ಖರ್ಚೂ ಬೇಡ, ಊರಿನ ಕೆರೆ ಏರಿಯೇ ಸಾಕು.

ವಿಷಯ ಒಳ್ಳೆಯದು, ಧೈರ್ಯವಾಗಿ ತೆಗೆದುಕೊಳ್ಳಬಹುದು. ಅರ್ಜಿ ತುಂಬುವ ಮುನ್ನ ಪೋಷಕರು ಕಾಲೇಜಿನಲ್ಲಿ ಎರಡು ಮಾತು ಕೇಳಲಿ: ಟೋಪೋಶೀಟ್ ಇದೆಯೇ, ಮಕ್ಕಳನ್ನು ಹೊರಗೆ ಕರೆದೊಯ್ಯುತ್ತೀರಾ?