ಇಳಿಜಾರು ನೆಲದ ತಾಳ

ಅಮೆರಿಕದ ಕರಿಯರ ಸೋಲ್ ಸಂಗೀತ ಇಂಥದೇ ದಿನ ಹುಟ್ಟಿತೆಂದು ಹೇಳುವುದು ಕಷ್ಟ. ಆದರೂ 1954ರ ನವೆಂಬರ್‌ನಲ್ಲಿ ಅಟ್ಲಾಂಟಾದ ರೇಡಿಯೊ ಕೇಂದ್ರವೊಂದರಲ್ಲಿ ರೇ ಚಾರ್ಲ್ಸ್ ಮುದ್ರಿಸಿದ 'ಐ ಗಾಟ್ ಎ ವುಮನ್' ಹಾಡಿನಿಂದ ಲೆಕ್ಕ ಹಿಡಿಯುವವರೇ ಹೆಚ್ಚು. ಅದರ ಮಟ್ಟು ಬಂದದ್ದು ಆ ಕಾಲದ ಒಂದು ಗಾಸ್ಪೆಲ್ ಹಾಡಿನಿಂದ. ಊರಿಂದೂರಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೊದಲ್ಲಿ ಕಿವಿಗೆ ಬಿದ್ದ ಆ ಹಾಡಿನಲ್ಲಿ ಯೇಸುವಿನ ಸ್ತುತಿಯಿತ್ತು. ಚಾರ್ಲ್ಸ್ ಆ ಜಾಗದಲ್ಲಿ ಪ್ರೇಯಸಿಯನ್ನು ತಂದು ಕೂರಿಸಿದರು. ಮರುವರ್ಷ ಅದು ಕರಿಯರ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಭಾನುವಾರ ಬೆಳಗಿನ ಹಾಡನ್ನು ಶನಿವಾರ ರಾತ್ರಿಯ ಮೋಜಿಗೆ ಎಳೆದು ತಂದರೆಂದು ಚರ್ಚಿಗೆ ಹೋಗುವವರು ಸಿಡಿಮಿಡಿಗೊಂಡರು. ಬ್ಲೂಸ್ ಗಾಯಕ ಬಿಗ್ ಬಿಲ್ ಬ್ರೂಂಜಿಯಂಥವರಿಗೂ ಇದು ಸರಿಬರಲಿಲ್ಲ.

ಈ ಗಡಿ ದಾಟುವುದು ಎಷ್ಟು ಅಳುಕಿನ ಕೆಲಸವಾಗಿತ್ತು ಎಂಬುದಕ್ಕೆ ಸ್ಯಾಮ್ ಕುಕ್ ಸಾಕ್ಷಿ. 'ಸೋಲ್ ಸ್ಟಿರರ್ಸ್' ಎಂಬ ಗಾಸ್ಪೆಲ್ ಮೇಳದ ಮುಖ್ಯ ಗಾಯಕರಾಗಿದ್ದ ಅವರು ತಮ್ಮ ಮೊದಲ ಲೌಕಿಕ ಹಾಡನ್ನು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹೊರತಂದರು. ಕಂಠವೇ ಗುಟ್ಟು ಬಿಟ್ಟುಕೊಟ್ಟಿತು. 1957ರಲ್ಲಿ 'ಯೂ ಸೆಂಡ್ ಮಿ' ಹಾಡಿನೊಡನೆ ಸ್ವಂತ ಹೆಸರಿನಲ್ಲೇ ಆಚೆಗೆ ಬಂದರು. ಆಮೇಲೆ ಹಿಂತಿರುಗಿ ನೋಡಲಿಲ್ಲ.

ಚರ್ಚು ಕೊಟ್ಟದ್ದು ಬರೀ ಮಟ್ಟುಗಳನ್ನಲ್ಲ, ಹಾಡಿಕೆಯ ಕ್ರಮವನ್ನು. ನಮ್ಮ ಭಜನೆಯಲ್ಲಿ ಮುಂದಿನವರು ಬಿಟ್ಟ ಸಾಲನ್ನು ಹಿಂದಿನವರು ಎತ್ತಿಕೊಳ್ಳುವ ಹಾಗೆ ಅಲ್ಲಿಯೂ ಬೋಧಕನ ಕರೆಗೆ ಸಭೆ ಓಗೊಡುತ್ತದೆ. ಒಂದೇ ಅಕ್ಷರದ ಮೇಲೆ ಹಲವು ಸ್ವರಗಳನ್ನು ಜಾರಿಸುವುದು, ಮಾತು ಸಾಲದಾದಾಗ ಕೂಗಿಗೆ ಏರುವುದು, ಹಾಡು ಮುಗಿಯಬೇಕಾದ ಕಡೆ ಮುಗಿಸದೆ ಕಾವೇರಿಸುತ್ತ ಹೋಗುವುದು, ಎಲ್ಲವೂ ಅಲ್ಲಿನ ಪಾಠ. ನಾಲ್ಕು ಎಣಿಕೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಚಪ್ಪಾಳೆ ಬೀಳುವುದೂ ಅಲ್ಲಿಂದ ಬಂದದ್ದೇ. ಗಾಯಕರ ಕಂಠದ ಬಗ್ಗೆ ಪುಸ್ತಕಗಳೇ ಇವೆ. ಆದರೆ ಅರವತ್ತು ವರ್ಷವಾದರೂ ಈ ಹಾಡುಗಳು ಹಳಸದೆ ಉಳಿದಿರುವುದರಲ್ಲಿ ಆ ಎರಡು ಮತ್ತು ನಾಲ್ಕನೆಯ ಪೆಟ್ಟುಗಳ ಪಾಲು, ಅವನ್ನು ಬಾರಿಸಿದ ಸಂಬಳದ ವಾದಕರ ಪಾಲು, ಸಾಮಾನ್ಯವಾಗಿ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡದು.

ಈ ಕಥೆಯಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯದು ಎಲ್ಲರಿಗೂ ಗೊತ್ತಿರುವ ಅಧ್ಯಾಯ. ಫೋರ್ಡ್ ಕಂಪನಿಯ ಕಾರು ಜೋಡಣೆಯ ಸಾಲಿನಲ್ಲಿ ದುಡಿದಿದ್ದ ಬೆರಿ ಗೋರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಅದನ್ನು ಕಟ್ಟಿದರು. ಹಾಡುಗಳನ್ನೂ ಕಾರುಗಳಂತೆಯೇ ಹಂತಹಂತವಾಗಿ ತಯಾರಿಸಿ, ವಾರಕ್ಕೊಮ್ಮೆ ಸಭೆ ಕೂಡಿಸಿ, ಪಾಸಾದವನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟರು. ಗಾಯಕಿಯರಿಗೆ ನಡೆಯುವ, ಕೂರುವ ರೀತಿಯನ್ನು ಕಲಿಸಲು ಶಿಕ್ಷಕಿಯಿದ್ದರು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಮೋಕಿ ರಾಬಿನ್ಸನ್, ಸ್ಟೀವಿ ವಂಡರ್ ಎಲ್ಲರೂ ಆ ಮನೆಯಿಂದ ಬಂದವರು. ಹಿಂದೆ ಕೂತು ನುಡಿಸಿದ 'ಫಂಕ್ ಬ್ರದರ್ಸ್' ಬಳಗದ ಹೆಸರು ಮಾತ್ರ ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆಯ ಮೇಲೆ ಬರಲಿಲ್ಲ. ಅವರಲ್ಲಿ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಿನಲ್ಲಿ ಬೇಸ್ ಗಿಟಾರ್ ಮೀಟುತ್ತಿದ್ದವರು. ಅವರ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಂನಲ್ಲಿ. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿದಾಗ ಆ ಬಳಗ ಚದುರಿತು. ಮೋಟೌನ್ ಹಾಡುಗಳು ಚೊಕ್ಕ, ಸೊಗಸು. ಆದರೆ ಸೋಲ್‌ನ ತೂಕ ತಿಳಿಯಬೇಕಾದರೆ ದಕ್ಷಿಣಕ್ಕೆ, ಮಿಸಿಸಿಪ್ಪಿ ನದಿಯ ದಡದ ಮೆಂಫಿಸ್‌ಗೆ ಹೋಗಬೇಕು.

ಮೆಂಫಿಸ್‌ನಲ್ಲಿ ಜಿಮ್ ಸ್ಟೀವರ್ಟ್ ಎಂಬ ಬಿಳಿಯ ಬ್ಯಾಂಕ್ ಗುಮಾಸ್ತರು 1957ರಲ್ಲಿ ಒಂದು ಚಿಕ್ಕ ರೆಕಾರ್ಡ್ ಕಂಪನಿ ತೆರೆದರು. ಅವರು ಹಳ್ಳಿಗಾಡಿನ ಹಾಡುಗಳಿಗೆ ಪಿಟೀಲು ನುಡಿಸುತ್ತಿದ್ದವರು. ಕರಿಯರ ಸಂಗೀತದ ಗಂಧವೇ ಅವರಿಗಿರಲಿಲ್ಲ. ಧ್ವನಿಮುದ್ರಣ ಯಂತ್ರಕ್ಕೆ ಹಣ ಬೇಕಾದಾಗ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮ ಮನೆಯನ್ನೇ ಅಡವಿಟ್ಟರು. ಇಬ್ಬರ ಅಡ್ಡಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ 1961ರಲ್ಲಿ ಕಂಪನಿಗೆ 'ಸ್ಟ್ಯಾಕ್ಸ್' ಎಂದು ಹೆಸರಾಯಿತು. ಅಷ್ಟರಲ್ಲಿ ಅದು ಈಸ್ಟ್ ಮೆಕ್‌ಲೆಮೋರ್ ಅವೆನ್ಯೂವಿನಲ್ಲಿ ಮುಚ್ಚಿಹೋಗಿದ್ದ 'ಕ್ಯಾಪಿಟಲ್' ಎಂಬ ಸಿನಿಮಾ ಮಂದಿರವನ್ನು ಬಾಡಿಗೆಗೆ ಹಿಡಿದಿತ್ತು. ಕುರ್ಚಿಗಳನ್ನು ಕಿತ್ತರೂ ಪರದೆಯ ಕಡೆಗೆ ಇಳಿಯುವ ನೆಲವನ್ನು ಸಮ ಮಾಡಿಸಲು ದುಡ್ಡಿರಲಿಲ್ಲ. ವಾದಕರು ಆ ಇಳಿಜಾರಿನ ಮೇಲೆಯೇ ವಾದ್ಯ ಹೂಡಿದರು. ತಿಂಡಿ ಮಾರುತ್ತಿದ್ದ ಮುಂಭಾಗದ ಕೌಂಟರು ಆಕ್ಸ್‌ಟನ್ ಅವರ ರೆಕಾರ್ಡ್ ಅಂಗಡಿಯಾಯಿತು. ಕೇರಿಯ ಹುಡುಗರು ಅಲ್ಲಿ ಏನು ಕೇಳುತ್ತಾರೆ, ಯಾವುದಕ್ಕೆ ಕಾಲು ಕುಣಿಸುತ್ತಾರೆ ಎಂಬುದನ್ನು ನೋಡಿಯೇ ಒಳಗಿನ ಸ್ಟುಡಿಯೊ ನಡೆಯಿತು. ಆ ಕಾಲದ ಯಾವ ದೊಡ್ಡ ಕಂಪನಿಗೂ ಇಂಥ ನೇರ ಕಿವಿ ಇರಲಿಲ್ಲ.

ಆ ಸ್ಟುಡಿಯೊದ ಆಸ್ಥಾನ ಮೇಳ 'ಬುಕರ್ ಟಿ. ಅಂಡ್ ದಿ ಎಂ.ಜಿ.ಸ್'. ಆರ್ಗನ್‌ಗೆ ಬುಕರ್ ಟಿ. ಜೋನ್ಸ್, ಡ್ರಮ್ಸ್‌ಗೆ ಆಲ್ ಜಾಕ್ಸನ್, ಗಿಟಾರ್‌ಗೆ ಸ್ಟೀವ್ ಕ್ರಾಪರ್, ಕೆಲವು ಕಾಲದ ನಂತರ ಬೇಸ್‌ಗೆ ಡೊನಾಲ್ಡ್ 'ಡಕ್' ಡನ್. ಇಬ್ಬರು ಕರಿಯರು, ಇಬ್ಬರು ಬಿಳಿಯರು. ಇವರು ಒಟ್ಟಿಗೆ ಹೋಟೆಲಿನಲ್ಲಿ ಕೂತು ಉಣ್ಣಲೂ ಕಷ್ಟವಿದ್ದ ಊರದು. 1962ರಲ್ಲಿ ಸ್ಟುಡಿಯೊದಲ್ಲಿ ಬಿಡುವು ಸಿಕ್ಕಾಗ ಸುಮ್ಮನೆ ನುಡಿಸುತ್ತ ಹುಟ್ಟಿದ 'ಗ್ರೀನ್ ಆನಿಯನ್ಸ್' ಇಂದಿಗೂ ಸಿನಿಮಾಗಳಲ್ಲಿ, ಜಾಹೀರಾತುಗಳಲ್ಲಿ ಕೇಳಿಬರುತ್ತದೆ. ಅದನ್ನು ಮುದ್ರಿಸುವಾಗ ಜೋನ್ಸ್‌ಗೆ ಹದಿನೇಳು ವರ್ಷ.

ಸ್ಟ್ಯಾಕ್ಸ್‌ನ ನಾದದ ಗುಟ್ಟು ಒಂದು ಸಣ್ಣ ತಡದಲ್ಲಿದೆ. ಗಾಯಕ ವಿಲ್ಸನ್ ಪಿಕೆಟ್ 1965ರಲ್ಲಿ 'ಇನ್ ದಿ ಮಿಡ್‌ನೈಟ್ ಅವರ್' ಮುದ್ರಿಸಲು ಅಲ್ಲಿಗೆ ಬಂದಾಗ ಜೊತೆಯಲ್ಲಿದ್ದ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್ ಸ್ಟುಡಿಯೊದ ನಡುವೆ ನಿಂತು, ಹುಡುಗ ಹುಡುಗಿಯರು ಆಗ 'ಜರ್ಕ್' ಎಂಬ ಕುಣಿತವನ್ನು ಹೇಗೆ ಕುಣಿಯುತ್ತಿದ್ದಾರೆಂದು ಕುಣಿದೇ ತೋರಿಸಿದರು. ಕ್ರಾಪರ್ ಮತ್ತು ಜಾಕ್ಸನ್ ಕೂಡಲೇ ಹಿಡಿದರು: ಎರಡನೆಯ, ನಾಲ್ಕನೆಯ ಪೆಟ್ಟನ್ನು ಗಡಿಯಾರದ ಲೆಕ್ಕಕ್ಕಿಂತ ಒಂದು ಕೂದಲೆಳೆ ಹಿಂದಕ್ಕೆ ಹಾಕಬೇಕು. ದೊಡ್ಡ ಕೋಣೆಯಲ್ಲಿ ಒಬ್ಬರ ನಾದ ಇನ್ನೊಬ್ಬರನ್ನು ತಲುಪಲು ತುಸು ಹೊತ್ತಾಗುತ್ತಿತ್ತು. ಹಾಗಾಗಿ ಕಿವಿಗಿಂತ ಕಣ್ಣನ್ನು ನಂಬಿ, ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತ ಬಾರಿಸುವ ಅಭ್ಯಾಸವೂ ಇದಕ್ಕೆ ಕೂಡಿಬಂತು. ಹಾಡು ಓಡುತ್ತಿದ್ದರೂ ಆತುರವಿಲ್ಲ ಎನಿಸುವುದು ಈ ತಡದಿಂದಲೇ. ವಾದಕರಿಗೆ ತಾಳ ತಪ್ಪಿತೆಂದು ಇದನ್ನು ಈಗಿನ ಕಂಪ್ಯೂಟರ್ ತಂತ್ರಾಂಶದಲ್ಲಿ ತಿದ್ದಿದರೆ ಹಾಡೇ ಸತ್ತುಹೋಗುತ್ತದೆ.

ಈ ಮೇಳದ ಮುಂದೆ ನಿಂತು ಹಾಡಿದವರಲ್ಲಿ ಓಟಿಸ್ ರೆಡ್ಡಿಂಗ್ ದೊಡ್ಡವರು. 1962ರಲ್ಲಿ ಜಾರ್ಜಿಯಾದ ಗಿಟಾರ್ ವಾದಕರೊಬ್ಬರ ಕಾರು ಓಡಿಸಿಕೊಂಡು ಸ್ಟ್ಯಾಕ್ಸ್‌ಗೆ ಬಂದ ಅವರು ಕೊನೆಯಲ್ಲಿ ಉಳಿದ ಸಮಯದಲ್ಲಿ 'ದೀಸ್ ಆರ್ಮ್ಸ್ ಆಫ್ ಮೈನ್' ಹಾಡಿ ಎಲ್ಲರ ಬಾಯಿ ಕಟ್ಟಿಸಿದರು. ಅವರ ಕಲೆ ಒಂದೇ ಹಾಡಿನಲ್ಲಿ ಸಿಗಬೇಕೆಂದರೆ 1966ರ 'ಟ್ರೈ ಎ ಲಿಟಲ್ ಟೆಂಡರ್‌ನೆಸ್' ಕೇಳಬೇಕು. ಹಾಡು ಹೊಸದಲ್ಲ, 1932ರಲ್ಲಿ ಬರೆದ, ಬಿಂಗ್ ಕ್ರಾಸ್ಬಿಯಂಥವರು ಮೆಲ್ಲಗೆ ಹಾಡಿ ಮುಗಿಸಿದ್ದ ಸಾಮಾನ್ಯ ಭಾವಗೀತೆ. ರೆಡ್ಡಿಂಗ್ ಹಾಡಿಕೆಯಲ್ಲಿ ಮೊದಲು ಊದುವಾದ್ಯಗಳ ಒಂದು ವಿಷಾದದ ಎಳೆ, ಅದರ ಬೆನ್ನಿಗೆ ತಾಳದ ಹಂಗಿಲ್ಲದ ಕಂಠ. ಎರಡನೆಯ ಚರಣಕ್ಕೆ ಆಲ್ ಜಾಕ್ಸನ್ ಡ್ರಮ್ಮಿನ ಅಂಚಿನ ಮೇಲೆ ಕೋಲಿನಿಂದ ಟಕ್ ಟಕ್ ಎಂದು ತಟ್ಟತೊಡಗುತ್ತಾರೆ. ಹಾಡು ಇನ್ನೂ ನಿಧಾನವಾಗಿಯೇ ಇದೆ, ಟಕ್ಕು ಮಾತ್ರ ಇಮ್ಮಡಿ ವೇಗದಲ್ಲಿದೆ. ಕೇಳುವವರ ಎದೆಬಡಿತ ಏರುವುದು ಅಲ್ಲಿಂದ. ಬಳಿಕ ಗಿಟಾರು, ಪಿಯಾನೋ, ಪೂರ್ತಿ ಡ್ರಮ್ಸ್ ಒಂದೊಂದಾಗಿ ಸೇರುತ್ತವೆ. ಕೊನೆಯ ನಿಮಿಷದಲ್ಲಿ ಸಾಹಿತ್ಯವೆಲ್ಲ ಕರಗಿ ಬರೀ ಕೂಗು, ತೊದಲು, ಅಪ್ಪಣೆಗಳು ಉಳಿಯುತ್ತವೆ. ಸಭೆಯನ್ನು ಮೈದುಂಬಿಸುವ ಬೋಧಕನ ಕ್ರಮ ಇದೇ.

1967ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ವಿಮಾನ ಬಿದ್ದು ರೆಡ್ಡಿಂಗ್ ತೀರಿಕೊಂಡಾಗ ಅವರಿಗೆ 26 ವರ್ಷ. ಜೊತೆಗಿದ್ದ 'ಬಾರ್-ಕೇಸ್' ಮೇಳದ ನಾಲ್ವರು ಹುಡುಗರೂ ಸತ್ತರು. ಕೆಲವೇ ದಿನಗಳ ಹಿಂದೆ ಮುದ್ರಿಸಿದ್ದ 'ಡಾಕ್ ಆಫ್ ದಿ ಬೇ' ಹಾಡಿಗೆ ಕ್ರಾಪರ್ ಅಲೆ ಮತ್ತು ಕಡಲಹಕ್ಕಿಗಳ ಸದ್ದು ಸೇರಿಸಿ ಕಳಿಸಿದರು. 1968ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಗಾಯಕ ಸತ್ತ ಮೇಲೆ ಅಲ್ಲಿಗೇರಿದ ಮೊದಲ ಹಾಡು ಅದು. ಅದೇ ವರ್ಷ ಸ್ಟ್ಯಾಕ್ಸ್‌ಗೆ ಇನ್ನೊಂದು ಹೊಡೆತ ಬಿತ್ತು. ವಿತರಣೆ ನೋಡಿಕೊಳ್ಳುತ್ತಿದ್ದ ಅಟ್ಲಾಂಟಿಕ್ ಕಂಪನಿ ಬೇರೆಯವರ ಪಾಲಾದಾಗ, ಹಳೆಯ ಮೂಲಮುದ್ರಿಕೆಗಳೆಲ್ಲ ಒಪ್ಪಂದದ ಪ್ರಕಾರ ಅಟ್ಲಾಂಟಿಕ್‌ನ ಸೊತ್ತೆಂದು ತಿಳಿದುಬಂತು. ಆ ಷರತ್ತನ್ನು ಸ್ಟೀವರ್ಟ್ ಓದದೆಯೇ ಸಹಿ ಹಾಕಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಹೀಗಾದದ್ದು ವಿಚಿತ್ರವೇ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ನಡೆದದ್ದು ಮೆಂಫಿಸ್‌ನ ಲೊರೇನ್ ಮೋಟೆಲ್‌ನಲ್ಲಿ. ಸ್ಟ್ಯಾಕ್ಸ್‌ನ ಕರಿಯ, ಬಿಳಿಯ ವಾದಕರು ಜೊತೆಯಾಗಿ ಕೂತು ಹಾಡು ಕಟ್ಟುತ್ತಿದ್ದ ಜಾಗವದು. 'ನಾಕ್ ಆನ್ ವುಡ್' ಅಲ್ಲಿಯೇ ಹುಟ್ಟಿತ್ತು. ಆ ಹಳೆಯ ಸಲಿಗೆ ಆಮೇಲೆ ಮರಳಲಿಲ್ಲ. ಐಸಾಕ್ ಹೇಯ್ಸ್ ಅವರ ಆಲ್ಬಂಗಳು, 1972ರಲ್ಲಿ ಆಸ್ಕರ್ ಪಡೆದ 'ಶಾಫ್ಟ್' ಹಾಡು ಕಂಪನಿಯನ್ನು ಕೆಲಕಾಲ ಎತ್ತಿ ನಿಲ್ಲಿಸಿದವು. 1975ರ ಕೊನೆಗೆ ಅದು ದಿವಾಳಿಯಾಗಿ ಬಾಗಿಲು ಹಾಕಿತು.

ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದ 'ರೆಸ್ಪೆಕ್ಟ್' ಅವರು ಸಾಯುವ ಮುನ್ನವೇ ಅವರ ಕೈತಪ್ಪಿತ್ತು. ಡೆಟ್ರಾಯಿಟ್‌ನ ಹೆಸರಾಂತ ಬೋಧಕ ಸಿ.ಎಲ್. ಫ್ರಾಂಕ್ಲಿನ್ ಅವರ ಮಗಳು ಅರೀಥಾ 1967ರ ಫೆಬ್ರವರಿ 14ರಂದು ನ್ಯೂಯಾರ್ಕ್‌ನಲ್ಲಿ ಅದನ್ನು ಮುದ್ರಿಸಿದರು. ದುಡಿದು ಬಂದ ಗಂಡಸು ಮನೆಯಲ್ಲಿ ಮರ್ಯಾದೆ ಕೇಳುವ ಹಾಡು, ಹೆಣ್ಣಿನ ಬಾಯಲ್ಲಿ ತಿರುಗಿ ನಿಂತಿತು. ಆ ಪದದ ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂಗಿ ಹೇಳುವ ಭಾಗ ರೆಡ್ಡಿಂಗ್ ಹಾಡಿನಲ್ಲಿರಲಿಲ್ಲ. ಅರೀಥಾ ಮತ್ತು ತಂಗಿ ಕ್ಯಾರೊಲಿನ್ ಸೇರಿಸಿದ್ದು. ಪಿಯಾನೋ ಕೂಡ ಅರೀಥಾ ಅವರದೇ. ಕರಿಯರ ಹಕ್ಕಿನ ಹೋರಾಟ, ಹೆಂಗಸರ ಹೋರಾಟ ಎರಡೂ ಅದನ್ನು ತಮ್ಮದೆಂದವು. ಆದರೆ ಅಮೆರಿಕದ ರೇಡಿಯೊ ಕೇಂದ್ರಗಳು ಹಾಡು ಬರೆದವರಿಗೆ ಮಾತ್ರ ಗೌರವಧನ ಕೊಡುತ್ತವೆ, ಹಾಡಿದವರಿಗಿಲ್ಲ. ಹೀಗಾಗಿ ಆ ಹಾಡು ಅಲ್ಲಿನ ರೇಡಿಯೊದಲ್ಲಿ ಎಷ್ಟು ಸಲ ಬಂದರೂ ಅರೀಥಾಗೆ ಅದರಿಂದ ಬಿಡಿಗಾಸೂ ಬರಲಿಲ್ಲ.

1970ರ ದಶಕದಲ್ಲಿ ಆಲ್ ಗ್ರೀನ್ ಮೆಂಫಿಸ್‌ನ ಇನ್ನೊಂದು ಹಳೆಯ ಸಿನಿಮಾ ಮಂದಿರದಲ್ಲಿ, ರಾಯಲ್ ಸ್ಟುಡಿಯೊದಲ್ಲಿ, ಪಿಸುದನಿಯ ಸೋಲ್ ಹಾಡಿದರು. ಆಮೇಲೆ ಡಿಸ್ಕೊ ಬಂತು, ಅಮೆರಿಕದ ಗಿರಾಕಿಗಳು ಅತ್ತ ಹೋದರು. ಹಳೆಯ ಸೋಲ್‌ಗೆ ಆಗ ದಿಕ್ಕಾದವರು ಇಂಗ್ಲೆಂಡಿನ ಉತ್ತರದ ಕೈಗಾರಿಕಾ ಊರುಗಳ ಹುಡುಗರು. ವಿಗನ್ ಕ್ಯಾಸಿನೊ ಎಂಬ ನೃತ್ಯಶಾಲೆಯಲ್ಲಿ 1973ರಿಂದ 1981ರವರೆಗೆ ಅವರು ರಾತ್ರಿಯಿಡೀ ಕುಣಿದರು. ಅಲ್ಲಿ ಬೆಲೆಯಿದ್ದದ್ದು ಅಮೆರಿಕದಲ್ಲಿ ಸೋತ, ಯಾರೂ ಕೊಳ್ಳದ ರೆಕಾರ್ಡುಗಳಿಗೆ. ಗ್ಲೋರಿಯಾ ಜೋನ್ಸ್ 1960ರ ದಶಕದಲ್ಲಿ ಹಾಡಿ ಯಾರ ಗಮನಕ್ಕೂ ಬಾರದೆ ಹೋಗಿದ್ದ 'ಟೇಂಟೆಡ್ ಲವ್' ಈ ಕುಣಿತದ ಕೂಟಗಳಲ್ಲಿ ಮರುಹುಟ್ಟು ಪಡೆಯಿತು. 1981ರಲ್ಲಿ 'ಸಾಫ್ಟ್ ಸೆಲ್' ಜೋಡಿ ಅದನ್ನೇ ಸಿಂಥಸೈಜರ್‌ನಲ್ಲಿ ಮಾಡಿ ಬ್ರಿಟನ್ನಿನ ಪಟ್ಟಿಯ ತುದಿಗೇರಿಸಿತು. ಮೋಟೌನ್ 1965ರಲ್ಲಿ ಮುದ್ರಿಸಿ ಬಿಡುಗಡೆ ಮಾಡದೆ ನಾಶಪಡಿಸಿದ ಫ್ರಾಂಕ್ ವಿಲ್ಸನ್ ಅವರ ಒಂದು ಹಾಡಿನ ಅಳಿದುಳಿದ ಪ್ರತಿ 2009ರಲ್ಲಿ 25,000 ಪೌಂಡಿಗೂ ಮೀರಿ ಮಾರಾಟವಾಯಿತು. ಸಂಗ್ರಾಹಕರ ಈ ಹುಚ್ಚನ್ನು ಕಂಡು ನಗಬಹುದು. ಆದರೆ ಎಷ್ಟೋ ಹಾಡುಗಳು ಇಂದು ಕೇಳಲು ಸಿಗುವುದು ಅದರ ಕೃಪೆಯಿಂದ.

ಅಮೆರಿಕದಲ್ಲಿ ಈ ಕೆಲಸ ಮಾಡಿದ್ದು ಸಿನಿಮಾ. 1980ರ 'ದಿ ಬ್ಲೂಸ್ ಬ್ರದರ್ಸ್' ಚಿತ್ರದಲ್ಲಿ ಅರೀಥಾ, ರೇ ಚಾರ್ಲ್ಸ್, ಜೇಮ್ಸ್ ಬ್ರೌನ್ ಮೂವರೂ ಬಂದುಹೋದರು; ಮೇಳದಲ್ಲಿ ಕ್ರಾಪರ್, ಡನ್ ಇದ್ದರು. ಜಾಹೀರಾತುಗಳೂ ಕೈಜೋಡಿಸಿದವು: ಜೀನ್ಸ್ ಪ್ಯಾಂಟಿನ ಜಾಹೀರಾತಿನಲ್ಲಿ ಬಂದದ್ದೇ ತಡ, ಬೆನ್ ಇ. ಕಿಂಗ್ 1961ರಲ್ಲಿ ಹೊರತಂದಿದ್ದ 'ಸ್ಟ್ಯಾಂಡ್ ಬೈ ಮಿ' 1987ರಲ್ಲಿ ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನ ಹಿಡಿಯಿತು.

ಸೋಲ್‌ನ ಬೇರು ಎಲ್ಲಕ್ಕಿಂತ ಆಳವಾಗಿ ಇಳಿದಿರುವುದು ಹಿಪ್-ಹಾಪ್‌ನಲ್ಲಿ. ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಮುದ್ರಣವಾದ ಉದ್ದನೆಯ ಹಾಡು. ಅದರ ಕೊನೆಯ ಭಾಗದಲ್ಲಿ ಉಳಿದವರೆಲ್ಲ ಸುಮ್ಮನಾಗುತ್ತಾರೆ, ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಸುಮಾರು ಇಪ್ಪತ್ತು ಸೆಕೆಂಡು ಬಾರಿಸುತ್ತಾರೆ. ಆ ತುಣುಕನ್ನು ಕತ್ತರಿಸಿ ಸುತ್ತಿ ಸುತ್ತಿ ಬಳಸಿದ ಹಾಡುಗಳು ಸಾವಿರಕ್ಕೂ ಹೆಚ್ಚು; ಪಬ್ಲಿಕ್ ಎನಿಮಿ, ಎಲ್.ಎಲ್. ಕೂಲ್ ಜೆ ಮೊದಲಾದವರ ಹೆಸರಾದ ಹಾಡುಗಳು ಅದರ ಮೇಲೆಯೇ ನಿಂತಿವೆ. ಹಾಡಿನ ಕರ್ತೃವೆಂದು ದಾಖಲಾದವರು ಬ್ರೌನ್. ಸ್ಟಬಲ್‌ಫೀಲ್ಡ್‌ಗೆ ಆ ದಿನದ ಕೂಲಿ ಬಿಟ್ಟರೆ ಹಕ್ಕಿನ ಹಣವೆಂದು ಏನೂ ಬರಲಿಲ್ಲ. ಡ್ರಮ್ಮಿನ ನಡೆಯನ್ನು ರಚನೆ ಎಂದು ಎಣಿಸುವ ರೂಢಿಯೇ ಆ ವ್ಯವಹಾರದಲ್ಲಿರಲಿಲ್ಲ. ಅವರು 2017ರಲ್ಲಿ ತೀರಿಕೊಂಡರು.

ಕತ್ತರಿಸಿ ಅಂಟಿಸುವುದರ ಬದಲು ಹಳೆಯ ಕ್ರಮದಲ್ಲೇ ನುಡಿಸಿ ನೋಡಿದವರೂ ಇದ್ದಾರೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 'ಡ್ಯಾಪ್‌ಟೋನ್' ಎಂಬ ಚಿಕ್ಕ ಕಂಪನಿ ಒಂದು ಹಳೆಯ ಮನೆಯಲ್ಲಿ ಟೇಪು ಯಂತ್ರಗಳನ್ನಿಟ್ಟುಕೊಂಡು, ಎಲ್ಲ ವಾದಕರನ್ನೂ ಒಟ್ಟಿಗೆ ಕೂರಿಸಿ ಮುದ್ರಿಸತೊಡಗಿತು. ಜೈಲಿನ ಕಾವಲುಗಾರ್ತಿಯಾಗಿ ದುಡಿದಿದ್ದ ಶರೋನ್ ಜೋನ್ಸ್ ಅಲ್ಲಿನ ಮುಖ್ಯ ಗಾಯಕಿಯಾಗಿದ್ದರು. ಅವರ ಮೇಳವಾದ 'ಡ್ಯಾಪ್-ಕಿಂಗ್ಸ್' ಲಂಡನ್ನಿನ ಏಮಿ ವೈನ್‌ಹೌಸ್‌ಗೆ ನುಡಿಸಿದ 2006ರ 'ಬ್ಯಾಕ್ ಟು ಬ್ಲ್ಯಾಕ್' ಆಲ್ಬಂ ಜಗತ್ತಿನಾದ್ಯಂತ ಗೆದ್ದಿತು, ವೈನ್‌ಹೌಸ್ 2008ರಲ್ಲಿ ಐದು ಗ್ರ್ಯಾಮಿ ಪಡೆದರು. ಆ ಆಲ್ಬಂನ ಡ್ರಮ್ಸ್‌ಗೆ ಕಿವಿಗೊಟ್ಟರೆ ಎರಡನೆಯ, ನಾಲ್ಕನೆಯ ಪೆಟ್ಟುಗಳು ಮೆಂಫಿಸ್‌ನ ಲೆಕ್ಕಕ್ಕೇ ಬೀಳುತ್ತವೆ. ಸ್ಟ್ಯಾಕ್ಸ್‌ನ ಕಟ್ಟಡವನ್ನು 1989ರಲ್ಲಿ ಕೆಡವಿದ್ದರು. 2003ರಲ್ಲಿ ಅದೇ ಜಾಗದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು; ಹಳೆಯ ಸ್ಟುಡಿಯೊವನ್ನು ಇಳಿಜಾರು ನೆಲದ ಸಮೇತ ಮತ್ತೆ ಕಟ್ಟಿದ್ದಾರೆ. ಪಕ್ಕದಲ್ಲೇ ಕೇರಿಯ ಮಕ್ಕಳಿಗೆ ಸಂಗೀತ ಶಾಲೆಯೂ ನಡೆಯುತ್ತಿದೆ.