ಯಾದ್ವಿಗಾ ಎಂಬ ನಾಮಸಾಮ್ಯವೂ ರಾಣೀಶಬ್ದವಿವೇಕವೂ

ಪೋಲೆಂಡಿನ ಮಧ್ಯಯುಗದ ಚರಿತ್ರೆಯಲ್ಲಿ ಯಾದ್ವಿಗಾ ಎಂಬ ಹೆಸರು ರಾಜಕುಲಸ್ತ್ರೀಯರಲ್ಲಿ ಮೇಲಿಂದ ಮೇಲೆ ಬರುತ್ತದೆ. ಇದು ಹೆಡ್ವಿಗ್ ಎಂಬ ಜರ್ಮನ್ ನಾಮದ ರೂಪಾಂತರ. ಅದರ ಎರಡು ಅವಯವಗಳಿಗೂ ಯುದ್ಧವೆಂದೇ ಅರ್ಥ. ಈ ಹೆಸರಿನವರನ್ನೆಲ್ಲ ‘ರಾಣಿ ಯಾದ್ವಿಗಾ’ ಎಂದು ಒಂದೇ ಮಾತಿನಿಂದ ನಿರ್ದೇಶಿಸಿದರೆ ವ್ಯಕ್ತಿಭೇದದೊಡನೆ ಅಧಿಕಾರಭೇದವೂ ಮರೆಯಾಗುವುದು.

ಇವರಲ್ಲಿ ಸೈಲೀಸಿಯದ ಯಾದ್ವಿಗಾ ರಾಣಿಯೇ ಅಲ್ಲ. ಗಡ್ಡದ ಹೆನ್ರಿ ಎಂಬ ಡ್ಯೂಕನ ಪತ್ನಿ. 1243ರಲ್ಲಿ ಮೃತಳಾದ ಈಕೆಗೆ 1267ರಲ್ಲಿ ಸಂತಪದವಿ ದೊರೆಯಿತು. ಕಾಲಿಷಿನ ಯಾದ್ವಿಗಾ 1320ರಲ್ಲಿ ತನ್ನ ಪತಿ ವ್ಲಾದಿಸ್ಲಾವನೊಡನೆ ಕ್ರಾಕೋವಿನಲ್ಲಿ ಕಿರೀಟಧಾರಣೆ ಮಾಡಿಸಿಕೊಂಡವಳು. ಝಗಾನಿನ ಯಾದ್ವಿಗಾಳನ್ನು ಇವರ ಮಗನಾದ ಮಹಾ ಕಾಸಿಮಿರನು 1365ರಲ್ಲಿ ವರಿಸಿದನು; ಆದರೆ ಪೂರ್ವಪತ್ನಿ ಅಡಲೈಡ್ ಇನ್ನೂ ಜೀವಿಸಿದ್ದುದರಿಂದ ಆ ವಿವಾಹದ ಸಿಂಧುತ್ವವೇ ವಿವಾದಗ್ರಸ್ತವಾಯಿತು.

ಹಂಗೆರಿ, ಪೋಲೆಂಡುಗಳೆರಡನ್ನೂ ಆಳಿದ ಲೂಯಿಯ ಮಗಳೂ ಕಾಲಿಷಿನವಳ ಮರಿಮಗಳೂ ಆದ ಯಾದ್ವಿಗಾಳ ಸ್ಥಿತಿ ಇವರೆಲ್ಲರಿಗಿಂತ ಭಿನ್ನ. 1384ರಲ್ಲಿ, ಇನ್ನೂ ಬಾಲೆಯಾಗಿದ್ದಾಗಲೇ, ಆಕೆಗೆ ಪಟ್ಟವಾದದ್ದು ‘ರೆಕ್ಸ್’ ಎಂದು. ಲ್ಯಾಟಿನಿನಲ್ಲಿ ಇದು ರಾಜನೆಂಬ ಪುಲ್ಲಿಂಗಪದ. ಲಿಥುವೇನಿಯದ ಯಗೈಲನು 1386ರಲ್ಲಿ ಆಕೆಯ ಪಾಣಿಗ್ರಹಣದ ಮೂಲಕವೇ ಪೋಲೆಂಡಿನ ಸಿಂಹಾಸನವನ್ನೇರಿದನು. ಇಲ್ಲಿ ಪತಿಯಿಂದ ಪತ್ನಿಗಲ್ಲ, ಪತ್ನಿಯಿಂದ ಪತಿಗೆ ರಾಜತ್ವವು ಬಂದಿತು.

‘ರೆಕ್ಸ್’ ಎಂಬುದು ಬರಿಯ ಔಪಚಾರಿಕ ಪದ, ಆಳಿದವರು ಪ್ರಧಾನರೇ ಎಂಬ ಆಕ್ಷೇಪ ಹುಟ್ಟಬಹುದು. ಬಾಲ್ಯದಲ್ಲಿ ಪ್ರಧಾನರ ಪ್ರಾಬಲ್ಯವಿದ್ದುದು ದಿಟ. ಆದರೆ 1387ರಲ್ಲಿ ರುಥೀನಿಯದ ದಂಡಯಾತ್ರೆಗೆ ಆಕೆಯೇ ಮುಂದಾಳಾಗಿದ್ದಳು. ಅಲ್ಲದೆ, ಬಾಲರಾಜನ ಪರವಾಗಿ ಮಂತ್ರಿಗಳು ಆಳಿದರೆ ಅವನ ರಾಜತ್ವವನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಾಲೆಯ ವಿಷಯದಲ್ಲಿ ಮಾತ್ರ ನ್ಯಾಯವು ಬೇರೆಯಾಗುವುದಕ್ಕೆ ಕಾರಣವಿಲ್ಲ.

ವೈಯಾಕರಣರು ಈ ಭೇದವನ್ನು ಚೆನ್ನಾಗಿ ಬಲ್ಲರು. ಆಚಾರ್ಯನ ಹೆಂಡತಿ ‘ಆಚಾರ್ಯಾನೀ’, ಸ್ವತಃ ಆಚಾರ್ಯತ್ವವುಳ್ಳವಳು ‘ಆಚಾರ್ಯಾ’. ‘ರಾಣಿ’ ಎಂಬ ನಮ್ಮ ರೂಢಿಪದವು ಈ ಎರಡನ್ನೂ ಬೆರೆಸಿಬಿಡುತ್ತದೆ. ಆದಕಾರಣ ಕನ್ನಡದಲ್ಲಿ ಈ ಚರಿತ್ರೆಯನ್ನು ಬರೆಯುವವರು ಕಾಲಿಷಿನವಳನ್ನು ಪಟ್ಟದರಸಿಯೆಂದೂ ಲೂಯಿಯ ಮಗಳನ್ನು ದೊರೆಯೆಂದೂ ಕರೆಯುವುದು ಯುಕ್ತ. ದೊರೆಸಾನಿಯೆಂದರೆ ಮತ್ತೆ ದೊರೆಯ ಮಡದಿಯೆಂಬ ಅರ್ಥವೇ ಬಂದೀತು.

1399ರಲ್ಲಿ ತೀರಿಕೊಂಡ ಈ ದೊರೆಗೂ 1997ರಲ್ಲಿ ಸಂತಪದವಿ ಸಂದುದರಿಂದ ‘ಸಂತ ಯಾದ್ವಿಗಾ’ ಎಂಬ ವಿಶೇಷಣವೂ ಈಗ ವ್ಯಾವರ್ತಕವಾಗಿ ಉಳಿದಿಲ್ಲ. ಹುಟ್ಟಿದ ಕುಲ, ಪಟ್ಟದ ಮೂಲ, ವರ್ಷ ಇವು ಮೂರನ್ನೂ ಹೇಳಿದಲ್ಲದೆ ಬರಿಯ ಹೆಸರಿನಿಂದ ಅವರವರ ಗೌರವವು ಅವರವರಿಗೆ ಸಲ್ಲದು.