ಬ್ಲ್ಯಾಕ್ ಎಲ್ಕನ ಮಾತೂ ನೈಹಾರ್ಟನ ಲೇಖನಿಯೂ

ಅಮೆರಿಕದ ಮೂಲನಿವಾಸಿಗಳ ಧರ್ಮಜೀವನವನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದ ಗ್ರಂಥಗಳಲ್ಲಿ ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’ ಎಂಬುದಕ್ಕೆ ದೊಡ್ಡ ಸ್ಥಾನವಿದೆ. 1932ರಲ್ಲಿ ಅಚ್ಚಾದಾಗ ಅದನ್ನು ಕೊಂಡವರು ಕೆಲವರೇ. 1961ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಮುದ್ರಣ ವಿಭಾಗವು ಪುನಃ ಹೊರತಂದ ಮೇಲೆ ಅದು ದೇಶದೇಶಗಳ ಓದುಗರ ಕೈ ಸೇರಿತು. ಹೆಸರೇ ಹೇಳುವಂತೆ ಇಲ್ಲಿ ಬ್ಲ್ಯಾಕ್ ಎಲ್ಕನು ಮಾತನಾಡುತ್ತಾನೆ. ಆದರೆ ಮಾತನಾಡುವವನು ಅವನೊಬ್ಬನೆಯೆ? ಈ ಪ್ರಶ್ನೆಯನ್ನು ಕೇಳದೆ ಗ್ರಂಥವನ್ನು ಮೆಚ್ಚಿದರೆ ಆ ಪುಣ್ಯಪುರುಷನ ಉಪದೇಶವನ್ನೇ ತಪ್ಪಾಗಿ ತಿಳಿಯುವ ಸಂಭವವಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅವನ ಜೀವನವನ್ನು ನೋಡೋಣ. ಲಕೋಟ ಭಾಷೆಯಲ್ಲಿ ಅವನ ಹೆಸರು ಹೆಹಾಕ ಸಾಪ. ‘ಕರಿಯ ಕಡವೆ’ ಎಂದು ನಾವು ಹೇಳಬಹುದು. ಹುಟ್ಟಿದ್ದು 1863ರಲ್ಲಿ, ಲಕೋಟ ಜನರ ಓಗ್ಲಾಲ ಪಂಗಡದಲ್ಲಿ. ಕಾಡೆಮ್ಮೆಗಳ ಹಿಂಡನ್ನು ಅನುಸರಿಸಿ ಬಯಲುಸೀಮೆಯಲ್ಲಿ ಸಂಚರಿಸುತ್ತಿದ್ದ ಆ ಜನರ ಸ್ವಾತಂತ್ರ್ಯದ ಕೊನೆಯ ವರ್ಷಗಳೇ ಅವನ ಬಾಲ್ಯದ ವರ್ಷಗಳು. 1876ರ ಲಿಟಲ್ ಬಿಗ್‌ಹಾರ್ನ್ ಯುದ್ಧವನ್ನು ಅವನು ಹನ್ನೆರಡರ ವಯಸ್ಸಿನಲ್ಲಿ ಕಂಡನು. ಮರುವರ್ಷ ಅವನ ಬಂಧುವಾದ ವೀರ ಕ್ರೇಜಿ ಹಾರ್ಸ್ ಹತನಾದನು. 1886ರಲ್ಲಿ ಬಫೆಲೊ ಬಿಲ್ಲನ ಪ್ರದರ್ಶನ ಮಂಡಳಿಯನ್ನು ಸೇರಿ, ಮರುವರ್ಷ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಕುಣಿದು, 1889ರಲ್ಲಿ ಊರಿಗೆ ಮರಳಿದನು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಅಮೆರಿಕದ ಸೈನ್ಯವು ಹೆಂಗಸರು ಮಕ್ಕಳೆನ್ನದೆ 250ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಗ ಅವನಿಗೆ ಇಪ್ಪತ್ತೇಳು ವರ್ಷ.

ಈ ಎಲ್ಲ ಘಟನೆಗಳಿಗಿಂತ ಅವನ ಬಾಳಿನಲ್ಲಿ ದೊಡ್ಡದಾದುದು ಒಂಬತ್ತನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ಮೈಮರೆತು ಮಲಗಿದ್ದಾಗ, ಕಂಡ ದರ್ಶನ. ನಾಲ್ಕು ದಿಕ್ಕು, ಆಕಾಶ, ಭೂಮಿ ಇವುಗಳ ಶಕ್ತಿಗಳಾದ ಆರು ಮಂದಿ ಪಿತಾಮಹರು ಮೋಡದ ಗುಡಾರದಲ್ಲಿ ಅವನಿಗೆ ಕಾಣಿಸಿಕೊಂಡು ಒಂದೊಂದು ವರವನ್ನಿತ್ತರು. ತನ್ನ ಜನಾಂಗವು ಒಂದು ಬಳೆಯಂತೆ, ಅದರ ನಡುವೆ ಹೂಬಿಡುವ ಮರವೊಂದು ನಿಂತಿರುವಂತೆ ಅವನು ಕಂಡನು. ಆ ಬಳೆಯು ಅನೇಕ ಬಳೆಗಳಲ್ಲಿ ಒಂದು ಮಾತ್ರ. ಅವೆಲ್ಲ ಕೂಡಿ ಒಂದೇ ಮಹಾವೃತ್ತವಾಗುತ್ತವೆ ಎಂಬುದು ಈ ದರ್ಶನದ ತಿರುಳು. ಇನ್ನೊಂದು ತತ್ತ್ವವನ್ನೂ ಗಮನಿಸಬೇಕು. ದರ್ಶನವು ಕಂಡವನ ಸ್ವಂತ ಸೊತ್ತಲ್ಲ. ಅದನ್ನು ಜನರ ಮುಂದೆ ಆಚರಿಸಿ ತೋರಿಸುವವರೆಗೆ ಅದಕ್ಕೆ ಶಕ್ತಿಯಿಲ್ಲ. ಬಹುಕಾಲ ಅದನ್ನು ಬಚ್ಚಿಟ್ಟುಕೊಂಡು ಗುಡುಗಿನ ಭಯದಿಂದ ತಳಮಳಿಸಿದ ಹುಡುಗನು, ಹಿರಿಯನೊಬ್ಬನ ಸಲಹೆಯಂತೆ, 1881ರಲ್ಲಿ ಕುದುರೆಗಳ ನೃತ್ಯವಾಗಿ ಅದನ್ನು ನಡೆಸಿದ ಮೇಲೆಯೇ ನೆಮ್ಮದಿಯನ್ನು ಪಡೆದನು.

ಇನ್ನು ಗ್ರಂಥವು ಹುಟ್ಟಿದ ಬಗೆ. ಕವಿ ಜಾನ್ ನೈಹಾರ್ಟನು ಪಶ್ಚಿಮ ಅಮೆರಿಕದ ಇತಿಹಾಸವನ್ನು ಮಹಾಕಾವ್ಯವಾಗಿ ಬರೆಯುತ್ತಿದ್ದವನು. ಅದಕ್ಕೆ ಸಾಮಗ್ರಿಯನ್ನು ಹುಡುಕುತ್ತ 1930ರಲ್ಲಿ ವೃದ್ಧನನ್ನು ಕಂಡು, 1931ರ ಮೇ ತಿಂಗಳಿನಲ್ಲಿ ಮತ್ತೆ ಬಂದು ಕುಳಿತು ಕೇಳಿದನು. ಬ್ಲ್ಯಾಕ್ ಎಲ್ಕನು ಲಕೋಟದಲ್ಲಿ ಹೇಳಿದ್ದನ್ನು ಅವನ ಮಗ ಬೆನ್ ಇಂಗ್ಲಿಷಿಗೆ ತಿರುಗಿಸಿದನು. ನೈಹಾರ್ಟನು ಅದನ್ನು ತಿದ್ದಿ ಹೇಳಿದನು. ಅವನ ಮಗಳು ಈನಿಡ್ ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ಆ ಟಿಪ್ಪಣಿಗಳಿಂದ ಕವಿಯು ಗ್ರಂಥವನ್ನು ರಚಿಸಿದನು. ಅಂದರೆ ‘ನಾನು’ ಎಂಬ ಒಂದು ಪದವು ನಮ್ಮನ್ನು ಮುಟ್ಟುವ ಮೊದಲು ನಾಲ್ವರನ್ನು ದಾಟಿ ಬಂದಿದೆ. ಆ ಟಿಪ್ಪಣಿಗಳನ್ನು 1984ರಲ್ಲಿ ರೇಮಂಡ್ ಡಿಮ್ಯಾಲಿ ಎಂಬ ವಿದ್ವಾಂಸನು ‘ದಿ ಸಿಕ್ಸ್ತ್ ಗ್ರ್ಯಾಂಡ್‌ಫಾದರ್’ ಎಂಬ ಸಂಪುಟವಾಗಿ ಪ್ರಕಟಿಸಿದುದರಿಂದ, ಹೇಳಿದ್ದೇನು, ಬರೆದದ್ದೇನು ಎಂದು ಹೋಲಿಸಿ ನೋಡುವುದು ಸಾಧ್ಯವಾಯಿತು.

ಹೋಲಿಸಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಗ್ರಂಥದ ಅತ್ಯಂತ ಪ್ರಸಿದ್ಧ ಭಾಗವೆಂದರೆ ಕೊನೆಯ ವಿಲಾಪ: ಜನಾಂಗದ ಬಳೆ ಮುರಿಯಿತು, ಮರ ಸತ್ತಿತು ಎಂಬ ಕೊರಗು. ಇದು ಟಿಪ್ಪಣಿಗಳಲ್ಲಿಲ್ಲ. ಆರಂಭವೂ ಅಂತ್ಯವೂ ತನ್ನವೆಂದು ಕವಿಯೇ ಮುಂದೆ ಒಪ್ಪಿಕೊಂಡನು. ಎರಡನೆಯದಾಗಿ, ಶತ್ರುಗಳನ್ನು ಸಂಪೂರ್ಣ ನಾಶಮಾಡಬಲ್ಲ ಘೋರವಾದ ಮೂಲಿಕೆಯೊಂದು ದರ್ಶನದಲ್ಲಿ ದೊರೆತುದಾಗಿ ವೃದ್ಧನು ಹೇಳಿದ್ದನು. ಗ್ರಂಥದಲ್ಲಿ ಅದನ್ನು ಬಿಡಲಾಗಿದೆ. ಕೋಪವನ್ನು ಕಳೆದು, ದುಃಖವನ್ನು ಕೂಡಿಸಿ, ಸೋತ ಜನಾಂಗದ ಸೌಮ್ಯ ವೃದ್ಧನೊಬ್ಬನ ಚಿತ್ರವನ್ನು ಕವಿಯು ಬರೆದನು. ಓದುಗನ ಕಣ್ಣಿನಲ್ಲಿ ನೀರು ತರಿಸಲು ಇದು ಸುಲಭ. ಲಕೋಟ ಜನರ ಕಥೆ ಮುಗಿದೇಹೋಯಿತೆಂದು ನಂಬಿಸಲೂ ಅಷ್ಟೇ ಸುಲಭ.

ಆದರೆ ಕಥೆ ಮುಗಿದಿರಲಿಲ್ಲ. ವೂಂಡೆಡ್ ನೀ ಆದ ಮೇಲೆ ಬ್ಲ್ಯಾಕ್ ಎಲ್ಕನು ಸುಮಾರು ಅರವತ್ತು ವರ್ಷ ಬಾಳಿದನು. 1904ರಲ್ಲಿ ಕ್ಯಾಥೊಲಿಕ್ ದೀಕ್ಷೆಯನ್ನು ಪಡೆದು ನಿಕೊಲಸ್ ಎಂಬ ಹೆಸರನ್ನು ತಾಳಿ, ಅನೇಕ ವರ್ಷ ಸ್ವಜನರಲ್ಲಿ ಧರ್ಮಬೋಧಕನಾಗಿ ದುಡಿದನು. ಗ್ರಂಥವು ಇದನ್ನು ಹೇಳುವುದಿಲ್ಲ. 1934ರಲ್ಲಿ ಅವನು ತನ್ನ ಕ್ರೈಸ್ತಶ್ರದ್ಧೆಯನ್ನು ಹೇಳಿಕೆಯೊಂದರಲ್ಲಿ ಸ್ಪಷ್ಟಪಡಿಸಿದನು. ಹೀಗಿದ್ದೂ, ಮುಪ್ಪಿನಲ್ಲಿ ಜೋಸೆಫ್ ಎಪ್ಸ್ ಬ್ರೌನ್ ಎಂಬವನಿಗೆ ತನ್ನವರ ಪವಿತ್ರ ನಳಿಕೆಯನ್ನೂ ಏಳು ಸಂಸ್ಕಾರಗಳನ್ನೂ ವಿವರಿಸಿದವನು ಅವನೇ. ಆ ಗ್ರಂಥ, ‘ದಿ ಸೇಕ್ರೆಡ್ ಪೈಪ್’, ಬೆಳಕು ಕಂಡದ್ದು 1953ರಲ್ಲಿ. ಅವನು ತೀರಿಕೊಂಡದ್ದು 1950ರ ಆಗಸ್ಟಿನಲ್ಲಿ. ಎರಡು ಮತಗಳಲ್ಲಿ ಯಾವುದು ಅವನ ‘ನಿಜವಾದ’ ಮತವೆಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಅನೇಕ ಬಳೆಗಳು ಒಂದೇ ವೃತ್ತವಾಗುವುದನ್ನು ಕಂಡವನಿಗೆ ಎರಡು ಬಳೆಗಳಲ್ಲಿ ನಿಂತು ಪ್ರಾರ್ಥಿಸುವುದು ವಿರೋಧವಾಗಿ ತೋರದಿರಬಹುದು ಎಂದು ನಮಗನ್ನಿಸುತ್ತದೆ. 2017ರಲ್ಲಿ ಆ ಧರ್ಮಸಭೆಯು ಅವನನ್ನು ಸಂತಪದವಿಗೆ ಏರಿಸುವ ವಿಚಾರಣೆಯನ್ನು ಆರಂಭಿಸಿತು. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ, ದರ್ಶನದಲ್ಲಿ ಅವನು ನಿಂತ ಹಾರ್ನಿ ಶಿಖರಕ್ಕೆ ಸರಕಾರವೇ ಅವನ ಹೆಸರನ್ನಿಟ್ಟಿತು.

ಹಾಗಾದರೆ ನೈಹಾರ್ಟನು ವಂಚಕನೆ? ಖಂಡಿತ ಅಲ್ಲ. ಅವನು ಬರೆಯದಿದ್ದರೆ ಈ ದರ್ಶನವು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ವೃದ್ಧನು ಅವನನ್ನು ಮಗನಂತೆ ಕಂಡು ಹೆಸರನ್ನಿಟ್ಟನು. ಕವಿಯೂ ವಿನಯಶಾಲಿ: ಮೊದಲ ಮುದ್ರಣದಲ್ಲಿ ‘ನೈಹಾರ್ಟನಿಗೆ ಹೇಳಿದ್ದು’ ಎಂದಿದ್ದುದು 1961ರಲ್ಲಿ ‘ನೈಹಾರ್ಟನ ಮೂಲಕ ಹೇಳಿದ್ದು’ ಎಂದಾಯಿತು. ಈ ಒಂದು ವಿಭಕ್ತಿಯ ವ್ಯತ್ಯಾಸದಲ್ಲಿ ಗ್ರಂಥವಿಮರ್ಶೆಯೆಲ್ಲ ಅಡಗಿದೆ. ಉಪಸಂಹಾರದಲ್ಲಿ ಶಿಖರದ ಮೇಲೆ ನಿಂತ ವೃದ್ಧನು, ಮರದ ಬೇರು ಇನ್ನೂ ಎಲ್ಲಾದರೂ ಬದುಕಿದ್ದರೆ ಅದು ಚಿಗುರಲೆಂದು ಬೇಡುತ್ತಾನೆ. ಮರ ಸತ್ತಿತೆಂದು ನಿಶ್ಚಯಿಸಿದವನು ಹೀಗೆ ಬೇಡುವನೆ? ವಿಲಾಪವು ಕವಿಯದು, ಬೇಡಿಕೆಯು ಋಷಿಯದು ಎಂದು ತಿಳಿದು ಓದಿದರೆ ಗ್ರಂಥದ ಬೆಲೆ ಕುಂದುವುದಿಲ್ಲ.

ಎರಡು ಭಾಷೆಗಳ ನಡುವೆ ಪಾಠ ಹೇಳುವ ಗಡಿನಾಡಿನ ನಮಗೆ ಈ ವಿಚಾರವು ದೂರದ್ದಲ್ಲ. ಹಿರಿಯರ ಬಾಯಿಂದ ಕಥೆ, ಹಾಡು, ಆಚಾರಗಳನ್ನು ಸಂಗ್ರಹಿಸುವ ಉಪಾಧ್ಯಾಯರು ನಮ್ಮಲ್ಲಿ ಅನೇಕರಿದ್ದಾರೆ. ಹೇಳಿದವರು ಯಾರು, ಯಾವ ಭಾಷೆಯಲ್ಲಿ ಹೇಳಿದರು, ತಿರುಗಿಸಿದವರು ಯಾರು, ತಿದ್ದಿದವರು ಯಾರು ಎಂಬುದನ್ನು ಪುಟದ ಅಂಚಿನಲ್ಲಿ ಬರೆದಿಡುವುದು ಸಣ್ಣ ಕೆಲಸ. ಈನಿಡ್ ಬರೆದ ಹಾಳೆಗಳು ಉಳಿಯದೆ ಹೋಗಿದ್ದರೆ ಬ್ಲ್ಯಾಕ್ ಎಲ್ಕನ ಆಶೆಯು ಎಂದೆಂದಿಗೂ ಇನ್ನೊಬ್ಬರ ಕಣ್ಣೀರಿನಲ್ಲಿ ಮುಳುಗಿರುತ್ತಿತ್ತು.